ಕ್ಯಾರೇಜ್ ಬೆಲ್ಟ್ ಬದಲಿಸಿದ ಮೇಲೆ ಗೆರೆ ಇನ್ನೂ ಜಾಸ್ತಿ ಆಗಿದೆ, ಎಲ್ಲಿ ತಪ್ಪಿದೆ?

ಇಂಕುಬಟ್ಟೆ

ಎಲ್ಲರಿಗೂ ನಮಸ್ಕಾರ. ನನ್ನದು 1.6 ಮೀಟರ್ ಅಗಲದ ಇಕೋ ಸಾಲ್ವೆಂಟ್ ಇಂಕಿನ ಪ್ರಿಂಟಿಂಗ್ ಮೆಷಿನ್, ಸುಮಾರು ಏಳು ವರ್ಷ ಹಳೆಯದು. ಎರಡು ತಿಂಗಳಿಂದ ಬೂದು, ತಿಳಿ ನೀಲಿ ತುಂಬಿದ ಜಾಗದಲ್ಲಿ ಮಾಸಲು ಪಟ್ಟೆ ಬರುತ್ತಿತ್ತು. ಅಡ್ಡ ಪಟ್ಟೆ ಅಲ್ಲ, ಮೀಡಿಯಾ (ಪ್ರಿಂಟ್ ಆಗುವ ಹಾಳೆ) ಹೊರಬರುವ ದಿಕ್ಕಿಗೇ ಉದ್ದಕ್ಕೆ ನಿಂತ ಪಟ್ಟೆ. ಪುಲ್ಲಿಯ ಕೆಳಗೆ ಕಪ್ಪು ಪುಡಿ ಬಿದ್ದಿತ್ತು, ಬೆಲ್ಟಿನ ಅಂಚು ನೂಲು ಬಿಟ್ಟಿತ್ತು. ಸರಿ, ಬೆಲ್ಟ್ ಮುಗಿಯಿತು ಅಂದುಕೊಂಡು ಹೊಸದು ಹಾಕಿದೆ. ಹಳೇದು ಸಡಿಲ ಇತ್ತಲ್ಲ, ಹಾಗಾಗಿ ಇದನ್ನು ಚೆನ್ನಾಗಿ ಬಿಗಿದೆ.

ಈಗ ಹಳೇ ಪಟ್ಟೆ ಹಾಗೇ ಇದೆ. ಅದರ ಮೇಲೆ ಸಣ್ಣ ಸಣ್ಣ ಗೆರೆ, ಬಾಚಣಿಗೆ ಎಳೆದ ಹಾಗೆ. ಕ್ಯಾರೇಜ್, ಅಂದರೆ ಇಂಕ್ ಹೆಡ್ ಹೊತ್ತು ಓಡುವ ಗಾಡಿ, ಎಡಕ್ಕೆ ಹೋಗುವಾಗ ಮಾತ್ರ ಕೀಚ್ ಅನ್ನುತ್ತದೆ. ದಿನಕ್ಕೆ ಒಂದೆರಡು ಸಲ ಎಡ ತುದಿಯ ಹತ್ತಿರ ನಿಂತು ಕ್ಯಾರೇಜ್ ಎರರ್ ತೋರಿಸುತ್ತದೆ. ಇದು ಮೊದಲು ಇರಲಿಲ್ಲ. ಮೋಟಾರ್ ಬಲಗಡೆ, ಹೆಡ್ ಮುಚ್ಚುವ ಕ್ಯಾಪ್ ಇರುವ ಕಡೆ. ಬಿಗಿಯುವ ಪುಲ್ಲಿ ಎಡಗಡೆ. ಇನ್ನು ಯಾವ ಸ್ಕ್ರೂ ತಿರುಗಿಸಲಿ ಹೇಳಿ.

ರಾತ್ರಿಪಾಳಿ

ಬೆಲ್ಟ್ ಇನ್ನೂ ಸ್ವಲ್ಪ ಎಳೆಯಿರಿ. ಹೊಸ ಬೆಲ್ಟ್ ಮೊದಲ ವಾರ ಹಿಗ್ಗುತ್ತದೆ. ನಾನು ಹಾಗೇ ಮಾಡಿದ್ದು, ನನಗೆ ಸರಿಹೋಯಿತು.

ಸ್ಪ್ಯಾನರ್ಹನ್ನೆರಡು

ದಯವಿಟ್ಟು ಎಳೆಯಬೇಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ. ಪಟ್ಟೆ ಬಂತು ಅಂದ ಕೂಡಲೇ ಎಲ್ಲರ ಕೈ ಹೋಗುವುದು ಬೆಲ್ಟಿನ ಸ್ಕ್ರೂಗೆ. ಯಾಕೆ ಅಂದರೆ ಅದು ಕಣ್ಣಿಗೆ ಕಾಣುತ್ತದೆ, ಅಲೆನ್ ಕೀ ಸಿಗುತ್ತದೆ, ಅಷ್ಟೇ. ಈಗ ಸ್ಕ್ರೂ ಬಿಡಿ, ಒಂದು ಸ್ಕೇಲ್ ತೆಗೆದುಕೊಳ್ಳಿ.

ಮೀಡಿಯಾದ ಪೂರ್ತಿ ಅಗಲಕ್ಕೆ 40 ಶೇಕಡಾ ಬೂದು ಬಣ್ಣದ ಒಂದು ಪಟ್ಟಿ ಪ್ರಿಂಟ್ ಮಾಡಿ. ಒಂದೇ ದಿಕ್ಕಿನ ಪ್ರಿಂಟ್‌ಗೆ ಇಡಿ. ಎರಡೂ ದಿಕ್ಕಿಗೆ ಬಿಟ್ಟರೆ ಬೇರೆ ತಪ್ಪುಗಳು ಬಂದು ಸೇರಿ ಗೊಂದಲ ಆಗುತ್ತದೆ. ಪಟ್ಟೆಯಿಂದ ಪಟ್ಟೆಗೆ ಎಷ್ಟು ದೂರ ಅಳೆಯಿರಿ. ಎರಡು ಪಟ್ಟೆ ಮಧ್ಯೆ ಅಳೆದರೆ ಕಣ್ಣಳತೆ ಕೈಕೊಡುತ್ತದೆ. ಹತ್ತು ಪಟ್ಟೆ ದಾಟಿ ಅಳೆದು ಹತ್ತರಿಂದ ಭಾಗಿಸಿ. ಸಣ್ಣ ಗೆರೆಗೂ ಹಾಗೇ ಮಾಡಿ.

ಆಮೇಲೆ ಅದೇ ಫೈಲನ್ನು 25 ಮಿ.ಮೀ. ಪಕ್ಕಕ್ಕೆ ಸರಿಸಿ ಪ್ರಿಂಟ್ ಮಾಡಿ. ಪಟ್ಟೆಯೂ ಚಿತ್ರದ ಜೊತೆ ಸರಿದರೆ ತಪ್ಪು ಫೈಲಿನಲ್ಲಿ ಅಥವಾ ರಿಪ್‌ನಲ್ಲಿ (ಫೈಲನ್ನು ಇಂಕ್ ಚುಕ್ಕೆಗಳಾಗಿ ಬದಲಿಸುವ ಸಾಫ್ಟ್‌ವೇರ್). ಮೆಷಿನ್ ಮೇಲೆ ಅದೇ ಜಾಗದಲ್ಲಿ ನಿಂತರೆ ತಪ್ಪು ಮೆಷಿನ್‌ದು.

ಕೊನೆಗೆ ಕ್ಯಾರೇಜ್ ಸ್ಪೀಡ್ ಅರ್ಧ ಮಾಡಿ ಇನ್ನೊಂದು. ಇದು ತುಂಬಾ ಮುಖ್ಯ. ಸ್ಪೀಡ್ ಇಳಿಸಿದಾಗ ಪಟ್ಟೆಗಳ ನಡುವಿನ ದೂರವೂ ಇಳಿದರೆ ಅದು ನಡುಕ. ಉದಾಹರಣೆಗೆ ಕ್ಯಾರೇಜ್ ಸೆಕೆಂಡಿಗೆ 1 ಮೀಟರ್ ಓಡುವಾಗ ಯಾವುದೋ ಒಂದು 50 ಹರ್ಟ್ಜ್‌ನಲ್ಲಿ ನಡುಗಿದರೆ ಪಟ್ಟೆ ಪ್ರತಿ 20 ಮಿ.ಮೀ.ಗೆ ಬರುತ್ತದೆ. ಸ್ಪೀಡ್ ಅರ್ಧ ಆದರೆ 10ಕ್ಕೆ ಬರುತ್ತದೆ. ದೂರ ಬದಲಾಗದೆ ಹಾಗೇ ಉಳಿದರೆ ಅದು ಸುತ್ತುವ ವಸ್ತುವಿನ ಅಳತೆ. ಪುಲ್ಲಿ, ಹಲ್ಲು, ಬೇರಿಂಗ್ ಯಾವುದಾದರೂ ಇರಬಹುದು.

ಮೋಟಾರ್ ಪುಲ್ಲಿಯ ಹಲ್ಲು ಎಣಿಸಿ ಹೇಳಿ. ಬೆಲ್ಟಿನ ಬೆನ್ನ ಮೇಲೆ ಏನು ಅಚ್ಚಾಗಿದೆ ಅದನ್ನೂ ಬರೆಯಿರಿ. ಎರರ್ ಬರುವಾಗ ಕ್ಯಾರೇಜ್ ನಿಂತ ಜಾಗಕ್ಕೆ ಒಂದು ಟೇಪ್ ಅಂಟಿಸಿ. ಪ್ರತಿ ಸಲ ಅಲ್ಲೇ ನಿಲ್ಲುತ್ತದಾ ನೋಡೋಣ.

ರಾತ್ರಿಪಾಳಿ

ಸರ್, ಒಂದು ಅನುಮಾನ. ಇಂಕ್ ಬೀಳುವ ಜಾಗ ಹೇಳುವುದು ಎನ್‌ಕೋಡರ್ ಸ್ಟ್ರಿಪ್, ಅಂದರೆ ಕ್ಯಾರೇಜ್ ಓಡುವ ಉದ್ದಕ್ಕೂ ಇರುವ ಸಣ್ಣ ಗೆರೆಗಳ ಪಟ್ಟಿ, ಅಲ್ವಾ? ಬೆಲ್ಟ್ ಹೇಗೇ ಎಳೆದರೂ ಸೆನ್ಸರ್ ಗೆರೆ ಓದಿಯೇ ಹೆಡ್ ಹಾರಿಸುತ್ತದೆ. ಹಾಗಿದ್ದರೆ ಬೆಲ್ಟಿನ ತಪ್ಪು ಪ್ರಿಂಟ್‌ನಲ್ಲಿ ಯಾಕೆ ಕಾಣಬೇಕು?

ಮೈಕ್ರಾನ್

ಒಳ್ಳೆಯ ಪ್ರಶ್ನೆ. ಅರ್ಧ ನಿಜ ಇದೆ.

ಸ್ಟ್ರಿಪ್‌ನಲ್ಲಿ ಇಂಚಿಗೆ 180 ಗೆರೆ ಇದೆ ಅಂತ ಇಟ್ಟುಕೊಳ್ಳಿ. ಸೆನ್ಸರ್ ಒಂದೊಂದು ಗೆರೆಯನ್ನು ನಾಲ್ಕು ಭಾಗ ಮಾಡಿ ಎಣಿಸುತ್ತದೆ. ಇಂಚಿಗೆ 720 ಎಣಿಕೆ. ಒಂದು ಎಣಿಕೆ ಅಂದರೆ 0.035 ಮಿ.ಮೀ. ಬೆಲ್ಟ್ ಸ್ವಲ್ಪ ಹಿಂದೆಮುಂದೆ ಎಳೆದರೂ ಸೆನ್ಸರ್ ಇರುವ ಜಾಗ ಎಲ್ಲಿ ಅಂತ ಮೆಷಿನ್‌ಗೆ ಸರಿಯಾಗಿ ಗೊತ್ತು. ಆದರೆ ಸೆನ್ಸರ್ ಇರುವುದು ಕ್ಯಾರೇಜಿನ ಹಿಂದೆ, ಹೆಡ್ ಇರುವುದು ಮುಂದೆ. ಮಧ್ಯೆ 80 ಮಿ.ಮೀ. ಅಂದುಕೊಳ್ಳಿ. ಬೆಲ್ಟ್ ಜಗ್ಗಿದಾಗ ಕ್ಯಾರೇಜ್ ರೈಲಿನ ಮೇಲೆ ಒಂದು ಎಳೆಯಷ್ಟು ತಿರುಚಿದರೆ ಸಾಕು. 80 ಮಿ.ಮೀ. ದೂರಕ್ಕೆ ರೇಡಿಯನ್‌ನ ಸಾವಿರದಲ್ಲಿ ಒಂದು ಭಾಗದ ಅರ್ಧದಷ್ಟು ತಿರುಚಿದರೂ ಹೆಡ್ ಇರುವ ಕಡೆ 0.04 ಮಿ.ಮೀ. ಜರುಗುತ್ತದೆ. ಸೆನ್ಸರ್‌ಗೆ ಇದು ಕಾಣುವುದೇ ಇಲ್ಲ. ತುಂಬಿದ ಬೂದು ಬಣ್ಣದಲ್ಲಿ ನಮ್ಮ ಕಣ್ಣಿಗೆ ಕಾಣುತ್ತದೆ.

ಇನ್ನೊಂದು, ಇಂಕ್ ಹನಿ ಹಾರಿ ಕೆಳಗೆ ಬೀಳಲು ಸಮಯ ಬೇಕು. ಹೆಡ್ 2 ಮಿ.ಮೀ. ಎತ್ತರದಲ್ಲಿದೆ, ಹನಿ ಸೆಕೆಂಡಿಗೆ 6 ಮೀಟರ್ ಬೀಳುತ್ತದೆ ಅಂದರೆ ಮಿಲಿಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟರಲ್ಲಿ 1 ಮೀಟರ್ ಸ್ಪೀಡಿನ ಕ್ಯಾರೇಜ್ 0.33 ಮಿ.ಮೀ. ಮುಂದೆ ಹೋಗಿರುತ್ತದೆ. ಸ್ಪೀಡ್ ಏರಿಳಿದರೆ ಹನಿ ಬೀಳುವ ಜಾಗವೂ ಏರಿಳಿಯುತ್ತದೆ. ಆದರೆ ನೂರಕ್ಕೆ ಎರಡರಷ್ಟು ಏರಿಳಿತಕ್ಕೆ ಬರುವ ತಪ್ಪು 0.007 ಮಿ.ಮೀ. ಅಷ್ಟೇ. ಹಾಗಾಗಿ ನನ್ನ ಲೆಕ್ಕದಲ್ಲಿ ಮುಖ್ಯ ಕಳ್ಳ ತಿರುಚುವಿಕೆ, ಸ್ಪೀಡ್ ಅಲ್ಲ.

ರಾತ್ರಿಪಾಳಿ

ಇದನ್ನು ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್.

ಪ್ಲಾಟರ್ಅಕ್ಕ

ಇಂಕುಬಟ್ಟೆ ಅವರೇ, ಬೆಲ್ಟಿನ ಹಲ್ಲಿನ ಅಳತೆ ಸರಿಯಾಗಿ ನೋಡಿಕೊಂಡಿರಾ? ನಾನು ಒಂದು ಹಳೇ ಪ್ಲಾಟರ್‌ನಲ್ಲಿ ಈ ತಪ್ಪು ಮಾಡಿದ್ದೇನೆ. ಅದರಲ್ಲಿ ಇದ್ದದ್ದು ಎಂಎಕ್ಸ್‌ಎಲ್ ಬೆಲ್ಟ್. ಹಲ್ಲಿನಿಂದ ಹಲ್ಲಿಗೆ 2.032 ಮಿ.ಮೀ. ನನ್ನ ಹತ್ತಿರ ಇದ್ದದ್ದು 2 ಮಿ.ಮೀ. ಬೆಲ್ಟ್. ಕೈಯಲ್ಲಿ ಹಿಡಿದರೆ ಎರಡೂ ಒಂದೇ. ಪುಲ್ಲಿ ಮೇಲೆ ಕೂರಿಸಿದರೂ ಕೂತಿತು. ಆದರೆ ಪುಲ್ಲಿಯನ್ನು ಬಳಸಿದ ಹತ್ತು ಹಲ್ಲಿಗೆ 0.32 ಮಿ.ಮೀ. ವ್ಯತ್ಯಾಸ ಬಂತಲ್ಲ, ಕೊನೆಯ ಹಲ್ಲುಗಳು ಗುಂಡಿಗೆ ಇಳಿಯದೆ ಅಂಚಿನ ಮೇಲೆ ಹತ್ತಿ ಕೂತಿದ್ದವು. ಓಡುವಾಗ ಟರ್ ಅನ್ನುವ ಸದ್ದು. ಎರಡು ದಿನ ಟೆನ್ಶನ್ ಜೊತೆ ಗುದ್ದಾಡಿದೆ.

ಹಳೇ ಬೆಲ್ಟ್ ಬಿಸಾಕಿಲ್ಲ ತಾನೇ? ಹಳೇದು, ಹೊಸದು ಎರಡನ್ನೂ ಹಲ್ಲಿಗೆ ಹಲ್ಲು ಕೂರಿಸಿ ಒಂದು ಅಡಿ ಉದ್ದ ಒತ್ತಿ ಹಿಡಿಯಿರಿ. ಅಳತೆ ಬೇರೆ ಆದರೆ ಒಂದು ಅಡಿ ಒಳಗೇ ಹಲ್ಲು ಹಲ್ಲಿನ ಮೇಲೆ ಹತ್ತುತ್ತದೆ.

ಇಂಕುಬಟ್ಟೆ

ಎಲ್ಲ ಅಳೆದೆ. ಬರೆಯುತ್ತೇನೆ.

ದೊಡ್ಡ ಪಟ್ಟೆ: ಹತ್ತು ಪಟ್ಟೆಗೆ 600 ಮಿ.ಮೀ. ಅಂದರೆ ಪ್ರತಿ 60 ಮಿ.ಮೀ.ಗೆ ಒಂದು. ಸಣ್ಣ ಗೆರೆ 3 ಮಿ.ಮೀ.ಗೆ ಒಂದು. ಫೈಲ್ ಸರಿಸಿದರೂ ಎರಡೂ ಅಲ್ಲೇ ನಿಂತವು. ಸ್ಪೀಡ್ ಅರ್ಧ ಮಾಡಿದರೂ ದೂರ ಬದಲಾಗಲಿಲ್ಲ. ಸಣ್ಣ ಗೆರೆ ಸ್ವಲ್ಪ ಮಬ್ಬಾಯಿತು ಅಷ್ಟೇ.

ಬೆಲ್ಟಿನ ಬೆನ್ನ ಮೇಲೆ 3ಎಂ ಅಂತ ಇದೆ. ಹಳೇದಕ್ಕೂ ಅದೇ ಇದೆ. ಅಕ್ಕ ಹೇಳಿದ ಹಾಗೆ ಕೂರಿಸಿ ನೋಡಿದೆ, ಸರಿಯಾಗಿ ಕೂತಿತು. ಮೋಟಾರ್ ಪುಲ್ಲಿಗೆ 20 ಹಲ್ಲು. ಎಡಗಡೆಯ ಪುಲ್ಲಿಗೆ ಹಲ್ಲೇ ಇಲ್ಲ, ನುಣುಪು, ಅಡ್ಡಳತೆ ಸುಮಾರು 30 ಮಿ.ಮೀ.

ಎರರ್ ಎರಡು ಸಲ ಬಂತು. ಎರಡು ಸಲವೂ ಟೇಪ್ ಅಂಟಿಸಿದ ಅದೇ ಜಾಗ, ಎಡ ತುದಿಯಿಂದ ಒಂದು ಗೇಣು ಒಳಗೆ.

ಸ್ಪ್ಯಾನರ್ಹನ್ನೆರಡು

ಲೆಕ್ಕ ನೀವೇ ಬಿಡಿಸಿದ್ದೀರಿ. 3ಎಂ ಅಂದರೆ ಬೆಲ್ಟಿನ ಹಲ್ಲಿನಿಂದ ಹಲ್ಲಿಗೆ 3 ಮಿ.ಮೀ., ಪುಲ್ಲಿಗೆ 20 ಹಲ್ಲು. ಒಂದು ಸುತ್ತಿಗೆ 60 ಮಿ.ಮೀ. ದೊಡ್ಡ ಪಟ್ಟೆ ಮೋಟಾರ್ ಪುಲ್ಲಿಯ ಒಂದೊಂದು ಸುತ್ತಿಗೆ ಬರುತ್ತಿದೆ. ಎಡಗಡೆಯ ಪುಲ್ಲಿ ಕಾರಣ ಆಗಿದ್ದರೆ 94 ಮಿ.ಮೀ.ಗೆ ಒಂದು ಬರಬೇಕಿತ್ತು. ಹಾಗಾಗಿ ಎಡಗಡೆಯದು ಪಟ್ಟೆಯ ಮಟ್ಟಿಗೆ ನಿರಪರಾಧಿ. ಕೀಚ್ ಸದ್ದಿನ ಮಟ್ಟಿಗೆ ಅಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಸಣ್ಣ ಗೆರೆ 3 ಮಿ.ಮೀ. ಅಂದರೆ ಒಂದೊಂದು ಹಲ್ಲೂ ಪುಲ್ಲಿಗೆ ಇಳಿಯುವಾಗ ಕೊಡುವ ತಟ್ಟು. ಇದು ಬೆಲ್ಟ್ ಬದಲಿಸಿದ ಮೇಲೆ ಶುರುವಾಗಿದ್ದು, ಅಲ್ವಾ? ಬೆಲ್ಟ್ ಅತಿಯಾಗಿ ಬಿಗಿದಿದ್ದೀರಿ. ಬಿಗಿದಷ್ಟೂ ಹಲ್ಲು ಗುಂಡಿಯೊಳಗೆ ಗುದ್ದಿ ಇಳಿಯುತ್ತದೆ. ಮೋಟಾರಿನ ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಶಾಫ್ಟ್ ಬಾಗುವಷ್ಟು ಎಳೆದವರನ್ನೂ ನೋಡಿದ್ದೇನೆ.

ಎರರ್ ಬರುವ ಜಾಗ ಒಂದೇ ಇದೆ ಅಂದರೆ ಅದು ಬೆಲ್ಟಿನ ಜಗಳ ಅಲ್ಲವೇ ಅಲ್ಲ. ಬೆಲ್ಟ್ ಹಾಕುವಾಗ ಎಡಗಡೆ ಕೈ ಹಾಕಿದ್ದೀರಿ. ಗ್ರೀಸ್ ಹತ್ತಿದ ಬೆರಳು ಸ್ಟ್ರಿಪ್‌ಗೆ ತಾಗಿರುತ್ತದೆ. ಟಾರ್ಚ್ ಹಿಡಿದು ಆ ಟೇಪ್ ಇರುವ ಜಾಗದಲ್ಲಿ ಸ್ಟ್ರಿಪ್ ನೋಡಿ.

ಕೈ ಹಾಕುವ ಮೊದಲು ಮೆಷಿನ್ ಆಫ್ ಮಾಡಿ, ಪ್ಲಗ್ಗನ್ನೇ ಕಿತ್ತು ಸ್ವಲ್ಪ ಹೊತ್ತು ಬಿಡಿ. ಕ್ಯಾಪ್ ಕೆಳಗಿಳಿದು ಹೆಡ್ ಬಿಡುಗಡೆ ಆಗಿದೆಯಾ ಖಾತ್ರಿ ಮಾಡಿಕೊಂಡು ಕ್ಯಾರೇಜ್ ಸರಿಸಿ. ಮೆಲ್ಲಗೆ ತಳ್ಳಿ. ಜೋರಾಗಿ ತಳ್ಳಿದರೆ ಮೋಟಾರ್ ಡೈನಮೋ ಆಗುತ್ತದೆ, ಆಫ್ ಇದ್ದ ಬೋರ್ಡಿನ ಲೈಟು ಮಿಣುಕುವುದನ್ನು ನಾನೇ ನೋಡಿದ್ದೇನೆ. ಆ ಕರೆಂಟ್ ಡ್ರೈವರ್‌ಗೆ ಒಳ್ಳೆಯದಲ್ಲ. ಹೆಡ್ ಕ್ಯಾಪಿನ ಹೊರಗೆ ಇದ್ದಷ್ಟು ಹೊತ್ತೂ ಒಣಗುತ್ತಿರುತ್ತದೆ. ಬಿಡಿಬಿಡಿಯಾಗಿ ಕೆಲಸ ಮಾಡಿ, ನಡುವೆ ಕ್ಯಾಪಿಗೆ ವಾಪಸ್ ಕಳಿಸಿ.

ಇಂಕುಬಟ್ಟೆ

ಬಿಗಿತ ಎಷ್ಟಕ್ಕೆ ಇಳಿಸಲಿ? ಬೆರಳಲ್ಲಿ ಒತ್ತಿದರೆ ಇಷ್ಟು ಬಗ್ಗಬೇಕು ಅಂತ ಏನಾದರೂ ಲೆಕ್ಕ ಇದೆಯಾ?

ಸ್ಪ್ಯಾನರ್ಹನ್ನೆರಡು

ನಿಮ್ಮ ಎಡಗಡೆಯ ಬ್ರ್ಯಾಕೆಟ್‌ಗೆ ಸ್ಪ್ರಿಂಗ್ ಇದೆಯಾ ನೋಡಿ. ಇದ್ದರೆ ಕೆಲಸ ಸುಲಭ. ಬ್ರ್ಯಾಕೆಟ್ ಹಿಡಿದಿರುವ ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ, ಬಿಚ್ಚಬೇಡಿ. ಸ್ಪ್ರಿಂಗ್ ತನಗೆ ಬೇಕಾದಷ್ಟು ಎಳೆದುಕೊಳ್ಳುತ್ತದೆ. ಕ್ಯಾರೇಜನ್ನು ಆ ತುದಿಯಿಂದ ಈ ತುದಿಗೆ ನಾಲ್ಕೈದು ಸಲ ಮೆಲ್ಲಗೆ ಓಡಾಡಿಸಿ, ಬೆಲ್ಟ್ ಸರಿಯಾಗಿ ಕೂರಲಿ. ಆಮೇಲೆ ಸ್ಕ್ರೂ ಬಿಗಿಯಿರಿ. ಬಿಗಿಯುವಾಗ ಬ್ರ್ಯಾಕೆಟ್ಟನ್ನು ಕೈಯಿಂದ ತಳ್ಳಬಾರದು, ಹಿಡಿಯಲೂಬಾರದು. ಜನ ಕೆಡಿಸುವುದೇ ಇಲ್ಲಿ. ಸ್ಪ್ರಿಂಗ್ ಎಳೆದದ್ದು ಸಾಲದು ಅನ್ನಿಸಿ ಇನ್ನೊಂದಿಷ್ಟು ತಳ್ಳಿ ಬಿಗಿಯುತ್ತಾರೆ. ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ಸಂಖ್ಯೆ ಕೊಟ್ಟಿದ್ದರೆ ಅದೇ ಕೊನೆ ಮಾತು, ನನ್ನದಲ್ಲ.

ಮೈಕ್ರಾನ್

ಸ್ಪ್ರಿಂಗ್ ಇಲ್ಲದವರಿಗೆ ಇನ್ನೊಂದು ದಾರಿ. ಬೆಲ್ಟನ್ನು ತಂಬೂರಿ ತಂತಿಯ ಹಾಗೆ ಮೀಟಿ, ಫೋನಿನಲ್ಲಿ ಫ್ರೀಕ್ವೆನ್ಸಿ ತೋರಿಸುವ ಆ್ಯಪ್ ಇಟ್ಟು ಓದಬಹುದು. ಬೆರಳ ಲೆಕ್ಕಕ್ಕಿಂತ ಎಷ್ಟೋ ವಾಸಿ. ಆದರೆ ಪೂರ್ತಿ ಉದ್ದಕ್ಕೆ ಮೀಟಬೇಡಿ. ಬೆಲ್ಟ್ ಒಂದು ಮೀಟರಿಗೆ 30 ಗ್ರಾಂ ತೂಕ, ಎಳೆತ 50 ನ್ಯೂಟನ್ ಅಂತ ಇಟ್ಟುಕೊಳ್ಳಿ. ಅರ್ಧ ಮೀಟರ್ ತುಂಡು 41 ಹರ್ಟ್ಜ್‌ಗೆ ಮಿಡಿಯುತ್ತದೆ. 1.6 ಮೀಟರ್ ಆದರೆ 13 ಹರ್ಟ್ಜ್. ಅದು ಕಿವಿಗೂ ಕೇಳುವುದಿಲ್ಲ, ಫೋನಿಗೂ ಸರಿಯಾಗಿ ಸಿಗುವುದಿಲ್ಲ. ಕ್ಯಾರೇಜನ್ನು ಎಡಗಡೆಯ ಪುಲ್ಲಿಯಿಂದ ಅರ್ಧ ಮೀಟರ್ ದೂರಕ್ಕೆ ತಂದು ನಿಲ್ಲಿಸಿ, ಆ ನಡುವಿನ ತುಂಡನ್ನು ಮೀಟಿ. ಮುಂದಿನ ಸಲವೂ ಅಷ್ಟೇ ದೂರಕ್ಕೆ ಅಳೆದು ನಿಲ್ಲಿಸಬೇಕು. ಉದ್ದ ಅರ್ಧ ಆದರೆ ಸಂಖ್ಯೆ ಎರಡರಷ್ಟಾಗುತ್ತದೆ. ಎಳೆತ ಎರಡರಷ್ಟಾದರೆ ಸಂಖ್ಯೆ 1.4ರಷ್ಟು ಮಾತ್ರ ಏರುತ್ತದೆ. 41 ಇದ್ದದ್ದು 58 ತೋರಿಸಿದರೆ ಸ್ವಲ್ಪ ಜಾಸ್ತಿ ಅಂದುಕೊಳ್ಳಬೇಡಿ, ಎಳೆತ ದುಪ್ಪಟ್ಟಾಗಿದೆ.

ಮೇಲಿನ 30, 50 ಎಲ್ಲ ಲೆಕ್ಕ ತೋರಿಸಲು ಹೇಳಿದ್ದು. ನಿಮ್ಮ ಬೆಲ್ಟಿನ ತೂಕ, ನಿಮ್ಮ ಮೆಷಿನ್‌ಗೆ ಬೇಕಾದ ಎಳೆತ ಬೇರೆ ಇರುತ್ತದೆ.

ಯುವಿಮಂಚ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ಫ್ಲಾಟ್‌ಬೆಡ್ ಯುವಿ ಮೆಷಿನ್. ಕ್ಯಾರೇಜ್ ತಳ್ಳಿದರೆ ಭಾರ ಅನ್ನಿಸುತ್ತದೆ. ರೈಲಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎರಡು ದಿನ ಬೆಣ್ಣೆ ಹಾಗೆ ಓಡುತ್ತದೆ, ಆಮೇಲೆ ಮತ್ತೆ ಅದೇ. ಯಾವ ಎಣ್ಣೆ ಹಾಕಲಿ?

ಸ್ಪ್ಯಾನರ್ಹನ್ನೆರಡು

ಸ್ಪ್ರೇ ಡಬ್ಬಿಯನ್ನು ಮೆಷಿನ್ ಇರುವ ಕೋಣೆಯಿಂದಲೇ ಆಚೆ ಇಡಿ. ಎರಡು ಕಾರಣ. ಅದು ರೈಲಿನ ಒಳಗಿದ್ದ ಗ್ರೀಸನ್ನು ಕರಗಿಸಿ ಹೊರಗೆ ತರುತ್ತದೆ, ಹಾಗಾಗಿ ಎರಡು ದಿನದ ಸುಖ. ಅದರ ತುಂತುರು ಹಾರಿ ಎನ್‌ಕೋಡರ್ ಸ್ಟ್ರಿಪ್ ಮೇಲೆ ಕೂರುತ್ತದೆ, ಅಲ್ಲಿಗೆ ನಿಮಗೂ ಇಂಕುಬಟ್ಟೆಯವರ ಎರರ್.

ಯಾವ ಎಣ್ಣೆ ಅಂತ ಕೇಳುವ ಮೊದಲು ಯಾವ ರೈಲು ಅಂತ ನೋಡಬೇಕು. ಉಕ್ಕಿನ ಚೌಕ ರೈಲು, ಅದರ ಮೇಲೆ ಗುಂಡು ಓಡುವ ಬ್ಲಾಕ್ ಇದ್ದರೆ, ಅಂದರೆ ಹೈವಿನ್, ಟಿಎಚ್‌ಕೆ ಕಂಪನಿಗಳ ತರಹದ್ದು, ಲಿಥಿಯಂ ಗ್ರೀಸ್ ಬೇಕು. ಬ್ಲಾಕಿನ ತುದಿಯಲ್ಲಿ ಸಣ್ಣ ನಿಪ್ಪಲ್ ಇರುತ್ತದೆ. ರೈಲನ್ನು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ನಿಪ್ಪಲ್ ಮೂಲಕ ಸ್ವಲ್ಪ ಸ್ವಲ್ಪ ಒತ್ತಿ, ಕ್ಯಾರೇಜ್ ಓಡಾಡಿಸಿ, ಹೊರಬಂದ ಕೊಳೆ ಗ್ರೀಸ್ ಒರೆಸಿ. ಗ್ರಾಫೈಟ್ ಸೇರಿಸಿದ ಕಪ್ಪು ಗ್ರೀಸ್ ಬೇಡ. ಮತ್ತೆ, ಕುತೂಹಲಕ್ಕೂ ಬ್ಲಾಕನ್ನು ರೈಲಿನಿಂದ ಜಾರಿಸಿ ಹೊರಗೆ ತೆಗೆಯಬೇಡಿ. ಗುಂಡುಗಳು ಉದುರಿ ನೆಲದ ಮೇಲೆ ಓಡುತ್ತವೆ, ಹುಡುಕಿ ಮುಗಿಯುವುದಿಲ್ಲ.

ದುಂಡು ಸಲಾಕೆ, ಅದರ ಮೇಲೆ ಕಂಚಿನ ಬುಷ್ ಇರುವ ಮೆಷಿನ್ ಬೇರೆ ಕಥೆ. ಆ ಬುಷ್ ಎಣ್ಣೆ ಹೀರಿಕೊಂಡ ಲೋಹ. ಅದಕ್ಕೆ ತೆಳು ಮೆಷಿನ್ ಎಣ್ಣೆ ಎರಡು ಹನಿ ಸಾಕು. ಥಿನ್ನರ್ ಹಾಕಿ ತೊಳೆದರೆ ಒಳಗಿನ ಎಣ್ಣೆಯೂ ಹೋಗುತ್ತದೆ. ಇನ್ನು ಅಲ್ಯೂಮಿನಿಯಂ ತೊಲೆಯ ಮೇಲೆ ಪ್ಲಾಸ್ಟಿಕ್ ಚಕ್ರ ಓಡುವ ಮೆಷಿನ್‌ಗೆ ಏನೂ ಹಾಕಬಾರದು. ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಗ್ರೀಸ್ ಹಾಕಿದರೆ ಧೂಳು ಕೂಡಿ ಚಕ್ರಕ್ಕೆ ಗಟ್ಟಿ ಪದರ ಅಂಟುತ್ತದೆ.

ನಿಮ್ಮದು ಯುವಿ. ಇಂಕಿನ ತುಂತುರು ರೈಲಿನ ಮೇಲೆ ಕೂತು ದೀಪದ ಬೆಳಕಿಗೆ ಗಟ್ಟಿಯಾಗುತ್ತದೆ. ಉಗುರಲ್ಲಿ ಕೆರೆದು ನೋಡಿ. ಒರಟು ತಾಗಿದರೆ ಭಾರಕ್ಕೆ ಅದೇ ಕಾರಣ ಇರಬಹುದು. ಬೆಲ್ಟನ್ನು ಕ್ಯಾರೇಜಿನಿಂದ ಬಿಡಿಸಿ ಬರೀ ಕ್ಯಾರೇಜ್ ತಳ್ಳಿ ನೋಡಿ. ಆಗಲೂ ಭಾರ ಇದ್ದರೆ ರೈಲು. ಹಗುರ ಆದರೆ ಮೋಟಾರ್ ಅಥವಾ ಪುಲ್ಲಿ.

ಯುವಿಮಂಚ

ಉಗುರಿಗೆ ಒರಟು ತಾಗಿತು. ನಿಮ್ಮ ಮಾತು ನಿಜ. ಬೇರೆ ಥ್ರೆಡ್ ಹಾಕಿ ಕೇಳುತ್ತೇನೆ, ಇಲ್ಲಿ ಅಡ್ಡ ಬರುವುದಿಲ್ಲ.

ಇಂಕುಬಟ್ಟೆ

ಇವತ್ತು ಬಿಚ್ಚಿದೆ. ಒಂದೊಂದಾಗಿ ಹೇಳುತ್ತೇನೆ.

ಮೊದಲು ಸ್ಟ್ರಿಪ್. ಟೇಪ್ ಇದ್ದ ಜಾಗದಲ್ಲಿ ಟಾರ್ಚ್ ಓರೆ ಹಿಡಿದೆ. ನನ್ನದೇ ಹೆಬ್ಬೆರಳ ಗುರುತು! ಗೆರೆಗಳು ಕೂಡ ಎಣಿಸುವ ಹಾಗೆ ಮೂಡಿತ್ತು. ನಾಚಿಕೆ ಆಯಿತು.

ಎಡಗಡೆ ಬ್ರ್ಯಾಕೆಟ್‌ಗೆ ಸ್ಪ್ರಿಂಗ್ ಇದೆ. ನಾನು ಅದನ್ನು ನೋಡದೆ ಸ್ಕ್ರೂ ಡ್ರೈವರ್‌ನಿಂದ ಮೀಟಿ ಎಳೆದು ಬಿಗಿದಿದ್ದೆ. ಬ್ರ್ಯಾಕೆಟ್ ಮೇಲಿನ ತುದಿ ಒಳಕ್ಕೆ ವಾಲಿತ್ತು. ಪುಲ್ಲಿ ಓರೆಯಾಗಿ ಬೆಲ್ಟ್ ಒಂದು ಕಡೆಯ ಅಂಚಿಗೆ ಹತ್ತಿಕೊಂಡು ಓಡುತ್ತಿತ್ತು. ಕೀಚ್ ಅನ್ನುತ್ತಿದ್ದದ್ದು ಬೆಲ್ಟಿನ ಅಂಚು ಪುಲ್ಲಿಯ ಪಕ್ಕದ ತಟ್ಟೆಗೆ ಉಜ್ಜುವ ಸದ್ದು. ಹೊಸ ಬೆಲ್ಟಿನ ಅಂಚು ಆಗಲೇ ಹೊಳೆಯಲು ಶುರುವಾಗಿದೆ.

ಆಮೇಲೆ ಮೋಟಾರ್ ಪುಲ್ಲಿ. ಬೆಲ್ಟ್ ಸಡಿಲಿಸಿ ಬೆರಳಲ್ಲಿ ತಿರುಗಿಸುತ್ತಾ ಒಂದೊಂದು ಗುಂಡಿಯನ್ನೂ ನೋಡಿದೆ. ಹತ್ತೊಂಬತ್ತು ಗುಂಡಿ ಹೊಳೆಯುತ್ತಿತ್ತು. ಒಂದರಲ್ಲಿ ಮಾತ್ರ ಕಪ್ಪು ಗಂಟು. ಹಳೇ ಬೆಲ್ಟಿನ ಪುಡಿ, ಇಂಕು ಸೇರಿ ಒಣಗಿ ಕಲ್ಲಾಗಿತ್ತು. ಎಳ್ಳುಕಾಳಿಗಿಂತ ದೊಡ್ಡದಿಲ್ಲ. ಮರದ ಕಡ್ಡಿಯಿಂದ ಕೆದಕಿದೆ, ಬರಲಿಲ್ಲ. ಕ್ಲೀನಿಂಗ್ ದ್ರಾವಣ ಅದ್ದಿದ ಬಟ್ಟೆ ಹತ್ತು ನಿಮಿಷ ಒತ್ತಿಟ್ಟ ಮೇಲೆ ಚಟ್ ಅಂತ ಎದ್ದು ಬಂತು. ಬೆಲ್ಟಿಗೆ ದ್ರಾವಣ ತಾಗದ ಹಾಗೆ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟಿದ್ದೆ. ಬೆಲ್ಟ್ ಬದಲಿಸುವಾಗ ಈ ಪುಲ್ಲಿಯ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ಹಳೇ ಬೆಲ್ಟಿನ ತುದಿಗೆ ಹೊಸದನ್ನು ಟೇಪ್ ಹಾಕಿ ಎಳೆದೆ, ಅದು ಪುಲ್ಲಿ ಸುತ್ತಿ ಬಂತು, ಅಷ್ಟೇ.

ಸ್ಟ್ರಿಪ್ ಯಾವುದರಲ್ಲಿ ಒರೆಸಲಿ? ಐಸೋಪ್ರೊಪೈಲ್ ಇದೆ.

ಪ್ಲಾಟರ್ಅಕ್ಕ

ಐಸೋಪ್ರೊಪೈಲ್ ನೇರ ಹಾಕಬೇಡಿ! ಕೆಲವು ಸ್ಟ್ರಿಪ್‌ಗಳ ಗೆರೆ ಅದಕ್ಕೇ ಎದ್ದು ಬರುತ್ತದೆ. ನನಗೆ ಒಂದು ಸಲ ಬಟ್ಟೆಯ ಮೇಲೆ ಬೂದು ಬಣ್ಣ ಬಂದಾಗ ಜೀವ ಬಾಯಿಗೆ ಬಂದಿತ್ತು.

ಮೈಕ್ರಾನ್

ನಾನು ವರ್ಷಗಟ್ಟಲೆ ಅದರಲ್ಲೇ ಒರೆಸಿದ್ದೇನೆ, ಏನೂ ಆಗಿಲ್ಲ. ಸ್ಟ್ರಿಪ್ ಯಾವ ತರಹದ್ದು ಅನ್ನುವುದರ ಮೇಲೆ ಹೋಗುತ್ತದೆ.

ಸ್ಪ್ಯಾನರ್ಹನ್ನೆರಡು

ಇಬ್ಬರೂ ಸರಿ. ಅದಕ್ಕೇ ಮೊದಲು ಡಿಸ್ಟಿಲ್ಡ್ ವಾಟರ್. ನೂಲು ಬಿಡದ ಬಟ್ಟೆ ಒದ್ದೆ ಮಾಡಿ ಹಿಂಡಿ, ಎರಡು ಬೆರಳ ಮಧ್ಯೆ ಸ್ಟ್ರಿಪ್ ಹಿಡಿದು ಒಂದೇ ದಿಕ್ಕಿಗೆ ಎಳೆಯಿರಿ. ಹಿಂದೆಮುಂದೆ ಉಜ್ಜಬೇಡಿ. ಗ್ರೀಸ್ ಗುರುತು ನೀರಿಗೆ ಹೋಗದಿದ್ದರೆ ಐಸೋಪ್ರೊಪೈಲನ್ನು ಕ್ಯಾರೇಜ್ ತಲುಪದ ತೀರಾ ತುದಿಯಲ್ಲಿ ಹಚ್ಚಿ ನೋಡಿ. ಬಟ್ಟೆಗೆ ಬಣ್ಣ ಬರದಿದ್ದರೆ ಮುಂದುವರಿಯಿರಿ. ಥಿನ್ನರ್, ಅಸಿಟೋನ್, ಹೆಡ್ ತೊಳೆಯುವ ದ್ರಾವಣ ಯಾವುದೂ ಬೇಡ. ಬಿಚ್ಚಿ ತೆಗೆಯುವುದಾದರೆ ಯಾವ ಮುಖ ಮುಂದೆ ಇತ್ತು, ಯಾವ ತುದಿ ಎಡ ಅಂತ ಗುರುತು ಹಾಕಿಕೊಳ್ಳಿ. ವಾಪಸ್ ಹಾಕಿದ ಮೇಲೆ ಸ್ಟ್ರಿಪ್ ಸೆನ್ಸರಿನ ಸೀಳಿನ ನಟ್ಟನಡುವೆ, ಎರಡೂ ಕಡೆ ತಾಗದೆ ಓಡುತ್ತದಾ ನೋಡಿ. ತಾಗಿದರೆ ಗೀಚುತ್ತದೆ.

ಇನ್ನೊಂದು ಕೆಲಸ. ಪುಲ್ಲಿ ಕೈಗೆ ಸಿಕ್ಕಿದೆ, ಅದನ್ನು ಶಾಫ್ಟ್‌ಗೆ ಹಿಡಿದಿರುವ ಗ್ರಬ್ ಸ್ಕ್ರೂ ಬಿಗಿ ಇದೆಯಾ ನೋಡಿಬಿಡಿ. ಪುಲ್ಲಿಯ ಮೇಲಿಂದ ಶಾಫ್ಟ್‌ವರೆಗೆ ಪೇಂಟ್ ಪೆನ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ಮುಂದೆ ಯಾವತ್ತಾದರೂ ಜಾರಿದರೆ ಆ ಗೆರೆ ಮುರಿದು ಎರಡಾಗಿರುತ್ತದೆ, ಬಿಚ್ಚದೇ ಗೊತ್ತಾಗುತ್ತದೆ.

ಇಂಕುಬಟ್ಟೆ

ಮೂರು ದಿನ ಓಡಿಸಿ ಬರೆಯುತ್ತಿದ್ದೇನೆ. ಸ್ಟ್ರಿಪ್ ನೀರಿನಲ್ಲೇ ಹೋಯಿತು, ನಾಲ್ಕು ಸಲ ಎಳೆಯಬೇಕಾಯಿತು. ಎರರ್ ಒಂದೂ ಬಂದಿಲ್ಲ. ಬ್ರ್ಯಾಕೆಟ್ ಸ್ಪ್ರಿಂಗ್‌ಗೆ ಬಿಟ್ಟೆ, ಬೆಲ್ಟ್ ಈಗ ಪುಲ್ಲಿಯ ನಡುವೆ ಓಡುತ್ತಿದೆ, ಸದ್ದಿಲ್ಲ. 3 ಮಿ.ಮೀ. ಗೆರೆ ಪೂರ್ತಿ ಹೋಯಿತು. 60ರ ಪಟ್ಟೆ ಭೂತಗನ್ನಡಿ ಹಿಡಿದರೂ ಸಿಗುತ್ತಿಲ್ಲ.

ಒಂದು ಮಾತ್ರ ಹೊಸದಾಗಿ ಕಾಣುತ್ತಿದೆ. ಎರಡೂ ದಿಕ್ಕಿನ ಪ್ರಿಂಟ್‌ನಲ್ಲಿ ತೆಳು ನಿಂತ ಗೆರೆಗಳು ಜೋಡಿಯಾಗಿ ಬರುತ್ತಿವೆ. ಅಗಲಕ್ಕೂ ಒಂದೇ ಸಮ.

ಮೈಕ್ರಾನ್

ಅಗಲಕ್ಕೂ ಒಂದೇ ಸಮ ಇದ್ದರೆ ಹೆದರಬೇಡಿ. ಕ್ಯಾರೇಜ್ ಓಡುವ ರೀತಿ ಬದಲಾಯಿತಲ್ಲ, ಬೈ-ಡೈ ಹೊಂದಾಣಿಕೆ, ಅಂದರೆ ಹೋಗುವಾಗ ಬರುವಾಗ ಬೀಳುವ ಹನಿಗಳನ್ನು ಒಂದೇ ಜಾಗಕ್ಕೆ ಕೂಡಿಸುವುದು, ಹೊಸದಾಗಿ ಮಾಡಬೇಕು. ನೀವು ದಿನವೂ ಬಳಸುವ ಒಂದೊಂದು ಸ್ಪೀಡಿಗೂ, ಒಂದೊಂದು ಹೆಡ್ ಎತ್ತರಕ್ಕೂ ಬೇರೆ ಬೇರೆ ಮಾಡಿ. ನಡುವೆ ಸರಿ ಇದ್ದು ಒಂದು ತುದಿಯಲ್ಲಿ ಮಾತ್ರ ಜೋಡಿ ಕಂಡಿದ್ದರೆ ಹೆಡ್ ಎತ್ತರ ಆ ಕಡೆ ಬೇರೆ ಇದೆ ಅಂತ. ಎತ್ತರ ಅರ್ಧ ಮಿ.ಮೀ. ಬದಲಾದರೂ ಎರಡೂ ದಿಕ್ಕು ಸೇರಿ 0.17 ಮಿ.ಮೀ. ಜರುಗುತ್ತದೆ. ಅದನ್ನು ಸಾಫ್ಟ್‌ವೇರ್‌ನಲ್ಲಿ ಸರಿ ಮಾಡಲು ಆಗುವುದಿಲ್ಲ, ಮೀಡಿಯಾ ಕೂರುವ ಹಾಸು ಅಥವಾ ರೈಲು ನೋಡಬೇಕು.

ಇಂಕುಬಟ್ಟೆ

ಮಾಡಿದೆ, ಹೋಯಿತು. ಬ್ರ್ಯಾಕೆಟ್ ಈಗ ಇರುವ ಜಾಗಕ್ಕೂ ಪೇಂಟ್ ಗುರುತು ಹಾಕಿದ್ದೇನೆ. ಅರ್ಧ ಮೀಟರ್ ತುಂಡು ಮೀಟಿ ಬಂದ ಸಂಖ್ಯೆಯನ್ನು ಕವರ್ ಒಳಗೆ ಬರೆದು ಅಂಟಿಸಿದ್ದೇನೆ.

ರಾತ್ರಿಪಾಳಿ

ಮೊದಲ ದಿನ ಇನ್ನೂ ಎಳೆಯಿರಿ ಅಂದವನು ನಾನೇ. ಇದನ್ನೆಲ್ಲ ಓದಿ ನಿನ್ನೆ ನನ್ನ ಮೆಷಿನ್ನಿನ ಎಡಗಡೆಯ ಕವರ್ ತೆಗೆದೆ. ಬೆಲ್ಟ್ ಸಡಿಲಿಸಿ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿದರೆ ಒಳಗೆ ಮರಳು ಅರೆದ ಹಾಗೆ ಆಗುತ್ತದೆ. ಬೇರಿಂಗ್ ಹೋಗಿದೆ ಅಲ್ವಾ? ಪಕ್ಕದ ತಗಡಿನ ಮೇಲೆ 608 ಜಡ್‌ಜಡ್ ಅಂತ ಅಚ್ಚಿದೆ.

ಸ್ಪ್ಯಾನರ್ಹನ್ನೆರಡು

ಹೋಗಿದೆ. ಒಳಗಿನ ತೂತು 8, ಹೊರಗೆ 22, ಅಗಲ 7 ಮಿ.ಮೀ. ಎರಡೂ ಕಡೆ ತಗಡಿನ ಮುಚ್ಚಳ. ಎಲ್ಲ ಕಡೆ ಸಿಗುವ ಅಳತೆ. ಪುಲ್ಲಿ ಒಳಗೆ ಒಂದೇ ಇದೆಯಾ, ಜೋಡಿ ಇದೆಯಾ ನೋಡಿಕೊಂಡು ತನ್ನಿ. ಜೋಡಿ ಇದ್ದರೆ ಎರಡನ್ನೂ ಬದಲಿಸಿ. ಕೂರಿಸುವಾಗ ಹೊರಗಿನ ಬಳೆಯನ್ನು ಮಾತ್ರ ಒತ್ತಿ, ಒಳಗಿನದನ್ನು ಒತ್ತಬೇಡಿ.

ರಾತ್ರಿಪಾಳಿ

ಜೋಡಿ ಇದೆ. ನಾಳೆ ಹಾಕುತ್ತೇನೆ.